ಫೋಟೊ ನೋಡಿ ದುಡ್ಡು ಕೊಡಬೇಡಿ

ಮಂಡ್ಯದ ಓದುಗರೊಬ್ಬರ ಪತ್ರ: ‘ಮಾನವ ಕಳ್ಳಸಾಗಣೆ ತಡೆಯುತ್ತೇವೆ ಎನ್ನುವ ಸಂಸ್ಥೆಯವರು ದೇಣಿಗೆಗೆ ಬಂದಿದ್ದರು. ಬಿಡಿಸಿ ತಂದ ಹುಡುಗಿಯರ ಫೋಟೊ ತೋರಿಸಿದರು. ಸಂಬಳಕ್ಕೇ ಎಷ್ಟು ಹೋಗುತ್ತದೆ ಎಂದು ಕೇಳಿದ್ದಕ್ಕೆ ಮುಖ ಸಣ್ಣದು ಮಾಡಿಕೊಂಡರು. ಇಂಥವರನ್ನು ನಂಬುವುದು ಹೇಗೆ?’

ಸಂಪಾದಕರ ಉತ್ತರ:

ಸಂಬಳಕ್ಕೆ ಮೊದಲು ಆ ಫೋಟೊ ವಿಚಾರ. ಇಂಥ ಮಕ್ಕಳ ಹೆಸರು, ಮುಖ, ಊರು, ಶಾಲೆ ಯಾವುದನ್ನೂ ಬಯಲು ಮಾಡುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ ಆರು ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಫೋಟೊ ಹಿಡಿದು ಬಂದವರಿಗೆ ಬಾಗಿಲಲ್ಲೇ ಕೈ ಮುಗಿದುಬಿಡಿ.

ಸಂಬಳದ ಬಗ್ಗೆ ಮಾತ್ರ ನಿಮ್ಮ ಮಾತು ಒಪ್ಪಲಾರೆ. ಈ ಕೆಲಸದ ಬಹುಪಾಲು ಖರ್ಚು ಓಡಾಡುವವರ ಸಂಬಳವೇ. ದಾಳಿ ಒಂದು ರಾತ್ರಿಗೆ ಮುಗಿಯುತ್ತದೆ, ಪೇಪರಿಗೂ ಬರುತ್ತದೆ. ಆಮೇಲಿನದು ದಾನಿಗಳಿಗೆ ಬೇಡ. ಕಳ್ಳಸಾಗಣೆ ಎಂದರೆ ಹುಡುಗಿಯರದಷ್ಟೇ ಅಲ್ಲ, ಜೀತಕ್ಕೆ ಸಾಗಿಸುವುದೂ ಹೌದು. ಬಳ್ಳಾರಿ ಕಡೆಯಿಂದ ಮುಂಗಡ ಪಡೆದು ಇಲ್ಲಿಗೆ ಕಬ್ಬು ಕಡಿಯಲು ಬರುವ ಸಂಸಾರವನ್ನೇ ನೋಡಿ. ಲೆಕ್ಕದ ಪುಸ್ತಕ ಆಳುಗಳನ್ನು ಕರೆತರುವ ಮೇಸ್ತ್ರಿ ಕೈಲಿರುತ್ತದೆ. ಅಕ್ಕಿ, ಆಸ್ಪತ್ರೆ, ಜ್ವರ ಬಂದು ಮಲಗಿದ ದಿನ ಎಲ್ಲ ಮುಂಗಡಕ್ಕೇ ಸೇರುತ್ತ ಹೋದರೆ ಸೀಸನ್ ಮುಗಿದರೂ ಸಾಲ ತೀರದು. ತೀರುವ ತನಕ ಊರಿಗೆ ಬಿಡದಿದ್ದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅದು ಜೀತ.

ಅವರನ್ನು ಬಸ್ಸು ಹತ್ತಿಸಿ ‘ರಕ್ಷಿಸಿದೆವು’ ಎಂದರೆ ಆಗಲಿಲ್ಲ. ಜೀತದಿಂದ ಮುಕ್ತರಾದರೆಂದು ಉಪವಿಭಾಗಾಧಿಕಾರಿಯಿಂದ ಬಿಡುಗಡೆ ಪತ್ರ ಆಗಬೇಕು. ಇಲ್ಲವಾದರೆ ಸರ್ಕಾರದ ತಕ್ಷಣದ ನೆರವಾದ 30,000 ರೂಪಾಯಿವರೆಗಿನ ಹಣವೂ ಕೈಗೆ ಬಾರದು. ಪತ್ರದ ಹೆಸರು ಆಧಾರ್‌ಗೆ ತಾಳೆಯಾಗದಿದ್ದರೆ ಕಡತ ಅವರ ಜಿಲ್ಲೆಯಲ್ಲೇ ಕೊಳೆಯುತ್ತದೆ. ಪುನರ್ವಸತಿಯ ಪೂರ್ತಿ ಹಣವಂತೂ ಆರೋಪಿಗೆ ಶಿಕ್ಷೆಯಾಗುವುದಕ್ಕೆ ತಗುಲಿಕೊಂಡಿದೆ. ಸಾಕ್ಷಿ ಹೇಳಲು ಕೂಲಿ ಬಿಟ್ಟು ಅಷ್ಟು ದೂರದಿಂದ ಮತ್ತೆ ಮತ್ತೆ ಬರಬೇಕು. ಆ ಬಸ್ ಚಾರ್ಜು ಯಾವ ದಾನಿಯ ಬಜೆಟ್ಟಿನಲ್ಲಿದೆ? ಒಂದು ವರ್ಷದ ಪ್ರಾಜೆಕ್ಟು ಮುಗಿಯಿತೆಂದು ಸಂಸ್ಥೆ ಕೈಬಿಟ್ಟರೆ, ಅದೇ ಸಂಸಾರ ಇನ್ನೊಬ್ಬ ಮೇಸ್ತ್ರಿಯ ಮುಂಗಡಕ್ಕೆ ಕೈಯೊಡ್ಡುತ್ತದೆ.

ವಿದೇಶಿ ದೇಣಿಗೆಯ ಕಾನೂನಿಗೆ 2020ರಲ್ಲಿ ತಿದ್ದುಪಡಿಯಾಗಿ ಕಚೇರಿ ಸಂಬಳ, ಬಾಡಿಗೆಯಂಥ ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಬಂದ ಹಣವನ್ನು ಬೇರೆ ಸಂಸ್ಥೆಗೆ ದಾಟಿಸುವುದೂ ನಿಂತಿತು. ದೊಡ್ಡವರ ಮೂಲಕ ಹಣ ಪಡೆಯುತ್ತಿದ್ದ ಹಳ್ಳಿಯ ಸಣ್ಣ ಸಂಘಗಳಿಗೆ ಹೊಡೆತ ಬಿದ್ದದ್ದು ಇಲ್ಲಿ.

ಮತ್ತೆ ಬಂದರೆ ಹೀಗೆ ಕೇಳಿ: ಹಿಂದಿನ ವರ್ಷ ಬಿಡಿಸಿದವರಲ್ಲಿ ಎಷ್ಟು ಜನರಿಗೆ ಬಿಡುಗಡೆ ಪತ್ರ ಸಿಕ್ಕಿದೆ? ಆರು ತಿಂಗಳಾದ ಮೇಲೆ ಎಷ್ಟು ಮನೆಗೆ ಹೋಗಿ ಬಂದಿರಿ? ನೀವು ಕೆಲಸ ಮಾಡುವ ಹಳ್ಳಿಗಳಲ್ಲಿ ಇಂಥ ಬಲೆಗೆ ಬೇಗ ಬೀಳಬಹುದಾದ, ಶಾಲೆ ಬಿಟ್ಟ ಹುಡುಗಿಯರ ಪಟ್ಟಿ ಇದೆಯೇ? ಆಡಿಟ್ ವರದಿಯನ್ನೂ ಕೇಳಿ. ಉತ್ತರ ಸರಿಬಂದರೆ ‘ಸಾಕ್ಷಿಗಳ ಪ್ರಯಾಣ ಖರ್ಚಿಗೆ’ ಎಂದು ಒಂದು ಕಾಗದ ಬರೆದು ಚೆಕ್ ಜೊತೆ ಕೊಡಿ. ನಗದು ಬೇಡ, 2,000 ರೂಪಾಯಿ ದಾಟಿದರೆ ಅದಕ್ಕೆ ತೆರಿಗೆ ರಿಯಾಯಿತಿಯೂ ಸಿಗುವುದಿಲ್ಲ.