ಯಜಮಾನ, ಸಾವ್ಕಾರ, ಗೌಡ, ಮುಖಂಡ: ದಾವಣಗೆರೆ ಕಡೆ ಯಾರಿಗೆ ಏನಂತಾರೆ?

ಬ್ಯಾಂಕಿನ ಕೆಲಸಕ್ಕೆ ಮಂಗಳೂರಿಂದ ದಾವಣಗೆರೆಗೆ ವರ್ಗವಾಗಿ ಬಂದಿದ್ದೀರಿ. ಯಜಮಾನ್ರು, ಸಾವ್ಕಾರ್ರು, ಗೌಡ್ರು, ಮುಖಂಡ್ರು ಎಲ್ಲ ಒಂದೇನಾ, ಯಾರನ್ನು ಏನಂತ ಕರೀಬೇಕು ಅಂತ ಕೇಳಿದ್ದೀರಿ. ನಾನು ಇಲ್ಲಿನ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯೋನು. ಬೆಳಗಿಂದ ಸಂಜೆತನಕ ಇವೇ ಪದಗಳು ಕಿವಿಗೆ ಬೀಳ್ತಿರ್ತವೆ. ಖಂಡಿತ ಒಂದೇ ಅಲ್ಲ. ಒಬ್ಬರ ಮಾತು ಯಾವುದರ ಬಲದ ಮೇಲೆ ನಡೆಯುತ್ತೆ ಅನ್ನೋದನ್ನ ನೋಡಿ ನಮ್ಮ ಜನ ಪದ ಆರಿಸ್ತಾರೆ.

ಸುಗ್ಗಿ ಟೈಮಲ್ಲಿ ಒಮ್ಮೆ ಬನ್ನಿ. ಮೆಕ್ಕೆಜೋಳದ ರಾಶಿ ಪಕ್ಕ, ಹೆಗಲಿಗೆ ಟವೆಲ್ ಹಾಕ್ಕೊಂಡು ಕೂತ ಹಿರಿಯ ರೈತರಿಗೆ ನಾವೆಲ್ಲ 'ಯಜಮಾನ್ರೇ, ಯಾವೂರು?' ಅಂತೀವಿ. ಅವರಿಗೆ ಎರಡೆಕರೆ ಇದೆಯೋ ಇಪ್ಪತ್ತೆಕರೆಯೋ ಯಾರೂ ಕೇಳಲ್ಲ. ವಯಸ್ಸಾಗಿದೆ, ಒಂದು ಮನೆಯ ಭಾರ ಹೊತ್ತಿದ್ದಾರೆ, ಅಷ್ಟು ಸಾಕು. ಅದೇ ರೈತರು ನಮ್ಮ ಮಾಲೀಕರಿಗೆ 'ಸಾವ್ಕಾರ್ರೇ' ಅಂತಾರೆ, ಬಿತ್ತನೆಗೆ ಮುಂಗಡ ಕೊಟ್ಟೋರು ಅವರು. ಆ ಪದದಲ್ಲಿ ಮರ್ಯಾದೆ ಎಷ್ಟಿದೆಯೋ ಸಾಲವೂ ಅಷ್ಟೇ ಇದೆ. ಬಾಕಿ ಚುಕ್ತಾ ಮಾಡಿ ಬೇರೆ ಅಂಗಡಿಗೆ ಮಾಲು ಹಾಕಿದ ವರ್ಷ ಅದೇ ಬಾಯಲ್ಲಿ 'ಏನಣ್ಣಾರೇ, ಚೆನ್ನಾಗಿದೀರಾ?' ಬಂದದ್ದನ್ನ ನಾನೇ ಕೇಳಿದೀನಿ. ಹಮಾಲರ ಮೇಸ್ತ್ರಿಯ ಕಥೆ ಬೇರೆ. ಅವನೂ ಚೀಲ ಹೊತ್ತೇ ಮೇಲೆ ಬಂದೋನು, ಕೆಲಸ ಗೊತ್ತಿರೋದಕ್ಕೆ ಆ ಹೆಸರು. ನಿಮ್ಮ ಕರಾವಳಿಯ 'ಧಣಿ' ಇಲ್ಲಿ ಅಷ್ಟಾಗಿ ಕೇಳಿಸಲ್ಲ.

ಗೌಡ್ರು, ಪಟೇಲ್ರು ಮನೆತನದ ಪದಗಳು. ಕಂದಾಯ ಎತ್ತೋದು, ಊರಿನ ಶಿಸ್ತು ನೋಡ್ಕೊಳ್ಳೋದು ಪಟೇಲರದ್ದು. ಲೆಕ್ಕ ಬರೆಯೋದು ಶಾನುಭೋಗರದ್ದು. ಅಪ್ಪನಿಂದ ಮಗನಿಗೆ ಬರ್ತಿದ್ದ ಈ ಹುದ್ದೆಗಳನ್ನ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ತೆಗೆದುಹಾಕ್ತು. ಹುದ್ದೆ ಹೋಯ್ತು, ಹೆಸರು ಉಳೀತು. ನಮ್ಮ ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರ ಹೆಸರಲ್ಲೇ ಅದು ಇತ್ತು. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆ ಆದಾಗ ಅವರೇ ಮುಖ್ಯಮಂತ್ರಿ. ಈಗ 'ಗೌಡ್ರು' ಅಂದ್ರೆ ಹಳೇ ಮನೆತನದವರು ಅಂತ ಅರ್ಥ, ಅಧಿಕಾರ ಇದೆ ಅಂತಲ್ಲ.

ಚಿತ್ರದುರ್ಗಕ್ಕೆ ಹೋದ್ರೆ ಪದಗಳ ತೂಕವೇ ಬದಲಾಗುತ್ತೆ. ಬೇರೆ ಕಡೆ 'ಪಾಳೇಗಾರಿಕೆ ಮಾಡ್ಬೇಡ' ಅಂದ್ರೆ ಬೈಗುಳ, ದರ್ಪ ತೋರಿಸಬೇಡ ಅಂತ. ದುರ್ಗದಲ್ಲಿ 'ನಮ್ಮ ಪಾಳೇಗಾರರು' ಅಂತ ಎದೆ ತಟ್ಟಿ ಹೇಳ್ತಾರೆ, ಯಾಕಂದ್ರೆ ಅಲ್ಲಿ ಆ ಪದದ ಹಿಂದೆ ಮದಕರಿನಾಯಕರಿದ್ದಾರೆ. 1779ರಲ್ಲಿ ಕೋಟೆ ಹೈದರಾಲಿಯ ವಶವಾಗಿ, ಅವರನ್ನ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಆ ನೋವು ಇನ್ನೂ ಮಾತಿನಲ್ಲಿದೆ. ಹಾಗಾಗಿ 'ನಾಯಕ' ಅನ್ನೋದನ್ನ ಅಲ್ಲಿ ಸುಮ್ಮನೆ ಯಾರ್‍ಯಾರಿಗೋ ಅಂಟಿಸಬೇಡಿ. ಅದು ಸಮುದಾಯದ ಹೆಸರೂ ಹೌದು. ಇನ್ನು ಹೈದರ್ ಮೈಸೂರಲ್ಲಿ ಇಟ್ಟುಕೊಂಡಿದ್ದ ಪದವಿ ಸರ್ವಾಧಿಕಾರಿ. ಅರಸರು ಒಡೆಯರೇ, ಆಡಳಿತ ಮಾತ್ರ ಇವನ ಕೈಲಿ. ಆಗ ಅದು ಹುದ್ದೆ. ಈಗ ಅದೇ ಪದ ಹಿಟ್ಲರನಿಗೆ ಮೀಸಲು.

ರಾಜಕೀಯದವರ ವಿಷಯ ಬೇಗ ಹೇಳಿಬಿಡ್ತೀನಿ. 'ಮುಖಂಡರು' ಅಂದ್ರೆ ಯಾರಿಗೂ ಬೇಜಾರಾಗಲ್ಲ. ವಯಸ್ಸಾಗಿ ಹೆಸರು ಮಾಡಿದವರಿಗೆ ಪೇಪರಿನವರು 'ಧುರೀಣರು' ಅಂತ ಬರೀತಾರೆ. 'ಪುಢಾರಿ' ಅಂತ ಮಾತ್ರ ಎದುರಿಗೆ ಅನ್ನಬೇಡಿ. ಮರಾಠಿಯಲ್ಲಿ ಮುಂದಾಳು ಅನ್ನೋ ಅರ್ಥದ ಪದ ನಮ್ಮಲ್ಲಿ ತಾತ್ಸಾರದ್ದಾಗಿದೆ.

ನನಗೆ ನಿಜವಾಗಿ ಹೇಳಬೇಕು ಅನ್ನಿಸೋದು ಹೆಣ್ಣುಮಕ್ಕಳ ವಿಷಯ. ಬಹಳ ಕಾಲ 'ನಮ್ಮ ಯಜಮಾನ್ರು' ಅಂದ್ರೆ ಗಂಡ ಅಷ್ಟೇ. 2013ರ ಆಹಾರ ಭದ್ರತಾ ಕಾಯಿದೆ, ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ ಅಂತು. 2023ರಲ್ಲಿ ಗೃಹಲಕ್ಷ್ಮಿ ಬಂದು ತಿಂಗಳಿಗೆ 2000 ರೂಪಾಯಿ 'ಮನೆ ಯಜಮಾನಿ'ಯ ಖಾತೆಗೆ ಅಂದಾಗ ಆ ಪದ ಹಳ್ಳಿಹಳ್ಳಿಯ ಬಾಯಿಗೆ ಬಂತು. ನಮ್ಮಂಗಡಿ ಮುಂದೆ ಕಸ ಹೊಡೆಯೋ ಅಮ್ಮ 'ಕಾರ್ಡಲ್ಲಿ ನಾನೇ ಯಜಮಾನಿ ಕಣಪ್ಪ' ಅಂದಾಗ ಅವರ ದನಿಯಲ್ಲಿ ಸಂಕೋಚ ಇರಲಿಲ್ಲ. ನನಗೆ ಬಹಳ ಖುಷಿ ಆಯ್ತು.

ಪಂಚಾಯ್ತಿಗಳಲ್ಲಿ ಮಾತ್ರ ಪದ ಇನ್ನೂ ತಪ್ಪು ಕಡೆ ಬೀಳ್ತಿದೆ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು, ಆಯ್ಕೆಯಾದವರು ಅವರೇ, ಸಹಿಯೂ ಅವರದ್ದೇ. ಆದ್ರೂ ಎಷ್ಟೋ ಊರಲ್ಲಿ ಜನ 'ಅಧ್ಯಕ್ಷ್ರೇ, ಬನ್ನಿ' ಅಂತ ಗಂಡನಿಗೆ ಕುರ್ಚಿ ಎಳೆದು ಕೊಡ್ತಾರೆ, ಆಕೆಗೆ 'ಅಕ್ಕಾ' ಅಂತಾರೆ. ಅಕ್ಕ ಅನ್ನೋದು ಪ್ರೀತಿಯ ಮಾತೇ ಇರಬಹುದು, ಆದರೆ ಆ ಕುರ್ಚಿಯ ಮುಂದೆ ಅದು ಅನ್ಯಾಯ. ನೀವು ಸಾಲದ ಕೆಲಸಕ್ಕೆ ಹಳ್ಳಿಗಳಿಗೆ ಹೋಗೋರು. ಪಂಚಾಯ್ತಿ ಆಫೀಸಿಗೆ ಹೋದಾಗ ಆಕೆಯ ಮುಖ ನೋಡಿ 'ನಮಸ್ಕಾರ ಅಧ್ಯಕ್ಷರೇ' ಅನ್ನಿ. ಗಂಡ ಪಕ್ಕದಲ್ಲಿದ್ದರೆ ಹೆಸರು ಕೇಳಿಕೊಂಡು, ಅದಕ್ಕೊಂದು 'ಅವರೇ' ಸೇರಿಸಿ ಕರೆದರೆ ಸಾಕು.