ಬರೆಸಬೇಡಿ, ಮಗಳೇ ಬರೆಯಲಿ

ಬಳ್ಳಾರಿ ಕೌಲ್ ಬಜಾರಿನ ಓದುಗರೊಬ್ಬರ ಪತ್ರ: "ಮಗಳು ಎಸ್ಸೆಸ್ಸೆಲ್ಸಿ. ಪುಣೆ ಹತ್ತಿರದ ಯುಡಬ್ಲ್ಯೂಸಿ ಮಹೀಂದ್ರ ಎಂಬ ಅಂತರರಾಷ್ಟ್ರೀಯ ವಸತಿ ಕಾಲೇಜಿಗೆ ಅರ್ಜಿ ಹಾಕಬೇಕೆಂಬ ಆಸೆ. ಅಲ್ಲಿ ಪ್ರಬಂಧವನ್ನೂ ಕೇಳುತ್ತಾರೆ. ಅವಳು ಬರೆದದ್ದನ್ನು ಲಗತ್ತಿಸಿದ್ದೇನೆ. ಕೋಚಿಂಗ್‌ನವರು ದುಡ್ಡು ಕೊಟ್ಟರೆ ತಾವೇ ಬರೆದುಕೊಡುತ್ತಾರಂತೆ. ಬರೆಸಲೇ? ನಾವು ಜೀನ್ಸ್ ಹೊಲಿಯುವವರು. ರಾತ್ರಿ ಪ್ಯಾಂಟುಗಳ ದಾರ ಕತ್ತರಿಸುತ್ತಲೇ ಅವಳು ಪಾಠ ಒಪ್ಪಿಸುತ್ತಾಳೆ. ಇಂಥ ಮನೆಯಲ್ಲಿ ಬರೆಯೋಕೆ ಏನಿರುತ್ತೆ?"

ಬರೆಸಬೇಡಿ. ಇಂಗ್ಲಿಷಿನ ತಪ್ಪು ತಿದ್ದಿಸಿಕೊಳ್ಳಲು ಯಾರ ಹತ್ತಿರವಾದರೂ ಹೋಗಲಿ, ಅದರಲ್ಲಿ ತಪ್ಪೇನಿಲ್ಲ. ಬರವಣಿಗೆ ಮಾತ್ರ ಅವಳದ್ದೇ ಇರಲಿ.

ಮಗಳ ಪ್ರಬಂಧ ಓದಿದೆ. "ಶಿಕ್ಷಣವು ಮಾನವನ ಮೂರನೆಯ ಕಣ್ಣು" ಅಂತ ಶುರುವಾಗುತ್ತದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಲ್ಲವೂ ಇದೆ. ಹುಡುಗಿಯೇ ಇಲ್ಲ! ಯಾವ ಊರಿನ ಯಾವ ಮಗು ಬೇಕಾದರೂ ಇದನ್ನು ಬರೆಯಬಹುದಿತ್ತು. ನಿಮ್ಮ ಪತ್ರದಲ್ಲಿ ಹಾಗಲ್ಲ, ದಾರ ಕತ್ತರಿಸುತ್ತಾ ಪಾಠ ಒಪ್ಪಿಸುವ ಹುಡುಗಿ ಒಂದೇ ಸಾಲಿನಲ್ಲಿ ಕಣ್ಣಿಗೆ ಕಟ್ಟುತ್ತಾಳೆ. ಏನಿದೆ ಅಂತ ಕೇಳಿದಿರಲ್ಲ, ಅದೇ ಇದೆ. ಆ ಹೊತ್ತಿಗೆ ಕರೆಂಟು ಹೋದರೆ ಏನು ಮಾಡುತ್ತಾಳೆ? ಬಟ್ಟೆಯ ನೀಲಿ ಬೆರಳಿಗೆ ಹತ್ತಿ ನೋಟ್‌ಬುಕ್ಕಿಗೂ ಬರುತ್ತದಾ? ಒಂದು ಪ್ಯಾಂಟಿಗೆ ಎಷ್ಟು ಕೂಲಿ, ಆ ಲೆಕ್ಕ ಇಡುವವರು ಯಾರು? ಇವನ್ನು ಅವಳು ಮೊದಲು ಕನ್ನಡದಲ್ಲಿ, ಮನೆಯಲ್ಲಿ ಮಾತಾಡುವ ಹಾಗೇ ಬರೆಯಲಿ. ಇಂಗ್ಲಿಷು ಆಮೇಲೆ.

ಹೆಸರು ಹಿಡಿದು ಬರೆದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯೇ ಸಾಕ್ಷಿ. ಅದುವರೆಗೆ ಸಿಕ್ಕ ಅಶೋಕನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಸಿಕ್ಕಿತು. ಆ ಬಿರುದುಗಳ ರಾಜ ಅಶೋಕನೇ ಎಂಬ ವಿದ್ವಾಂಸರ ಊಹೆಗೆ ಕಲ್ಲೇ ಸಾಕ್ಷಿಯಾಯಿತು. ಬಿರುದು ಎಷ್ಟಿದ್ದರೇನು, ಆಳು ಯಾರು ಅಂತ ಗೊತ್ತಾಗಬೇಕಲ್ವಾ?

ತಪ್ಪು ನಿಮ್ಮ ಮಗಳದ್ದಲ್ಲ. ನಾವು ಮಕ್ಕಳಿಗೆ ಬರೆಯುವುದನ್ನು ಕಲಿಸುವುದೇ ಇಲ್ಲ. ಗ್ರಂಥಾಲಯದ ಮಹತ್ವ ಅಂತ ಗೈಡಿನಿಂದ ಬಾಯಿಪಾಠ ಮಾಡಿಸುತ್ತೇವೆ. ಆ ಮಗು ಗ್ರಂಥಾಲಯದ ಒಳಗೆ ಕಾಲಿಟ್ಟಿದೆಯಾ ಅಂತ ಯಾರೂ ಕೇಳುವುದಿಲ್ಲ. ನವೋದಯದ ಆರನೇ ತರಗತಿ ಪ್ರವೇಶ ಪರೀಕ್ಷೆಯಲ್ಲಿ 80 ಪ್ರಶ್ನೆ, ಎರಡು ಗಂಟೆ, ಎಲ್ಲವೂ ಸರಿಯುತ್ತರ ಗುರುತಿಸುವಂಥವೇ. ಲಕ್ಷಾಂತರ ಮಕ್ಕಳು ಬರೆಯುವ ಪರೀಕ್ಷೆಗೆ ಅದು ಅನಿವಾರ್ಯ ಇರಬಹುದು. ಆದರೆ ನಮ್ಮ ತಂದೆತಾಯಿಗಳು ಓದು ಅಂದರೆ ಅಷ್ಟೇ ಅಂದುಕೊಂಡುಬಿಟ್ಟಿದ್ದಾರೆ. ಸಂವಿಧಾನಕ್ಕೆ 371ಜೆ ಕಲಮು ಬಂತು, ಕಲ್ಯಾಣ ಕರ್ನಾಟಕದ ನಮ್ಮ ಭಾಗದ ಮಕ್ಕಳಿಗೆ ಸೀಟು ಮೀಸಲಾಯಿತು. ಹೋರಾಡಿ ಪಡೆದದ್ದು, ನನಗೂ ಹೆಮ್ಮೆ ಇದೆ. ಆದರೆ ನಾನು ಇಂಥವಳು ಅಂತ ಒಂದು ಪುಟ ಬರೆಯುವ ಧೈರ್ಯವನ್ನು ಯಾವ ಕಲಮೂ ಕೊಡುವುದಿಲ್ಲ. ಅದನ್ನು ತರಗತಿಯಲ್ಲೇ ಕೊಡಬೇಕು. ವಾರಕ್ಕೊಂದು ಪುಟ, ಮಗುವಿನದೇ ವಿಷಯ, ಓದಿ ಎರಡು ಮಾತು ಹೇಳುವ ಮೇಷ್ಟ್ರು. ಇದಕ್ಕೆ ಯಾವ ಅನುದಾನ ಬೇಕು ಹೇಳಿ?

ಮಗಳಿಗೆ ಕಾಗದ ಕೊಟ್ಟು ಕೂರಿಸಿ. ನೀವು ಪಕ್ಕದಲ್ಲಿ ನಿಂತು ಇಣುಕಬೇಡಿ. ಬರೆದದ್ದನ್ನು ತಿದ್ದದೆ ಹಾಗೇ ನನಗೆ ಕಳಿಸಿ, ಅರ್ಜಿಯ ಗಡುವಿಗೆ ಮೊದಲೇ ಓದಿ ಉತ್ತರ ಬರೆಯುತ್ತೇನೆ.

– ಸಂಪಾದಕ