ಅಮೆರಿಕದ ಕಾಲೇಜಿಗೆ ಪ್ರಬಂಧ ಎಷ್ಟು ಮುಖ್ಯ?

ಮಗಳ ಅಂಕ ಸುಮಾರಾಗಿದೆ, ಪ್ರಬಂಧ ಚೆನ್ನಾಗಿ ಬರೆದರೆ ಅಮೆರಿಕದ ದೊಡ್ಡ ಕಾಲೇಜಲ್ಲಿ ಸೀಟು ಸಿಗುತ್ತಾ ಅಂತ ಕೇಳಿದ್ದೀರಿ. ಪ್ರಬಂಧ ಒಂದೇ ಸಾಲದು. ಅಲ್ಲಿ ಮೊದಲು ನೋಡುವುದು ಒಂಬತ್ತನೇ ಕ್ಲಾಸಿನಿಂದ ಬಂದ ಅಂಕ, ತೆಗೆದುಕೊಂಡ ವಿಷಯಗಳು ಎಷ್ಟು ಕಷ್ಟದವು ಅನ್ನುವುದು. ಆ ಜರಡಿ ದಾಟಿದ ಮೇಲೆ ಪ್ರಬಂಧಕ್ಕೆ ಬೆಲೆ. ಹಾರ್ವರ್ಡ್‌ನಲ್ಲಿ ಅರ್ಜಿ ಹಾಕಿದ ನೂರರಲ್ಲಿ ಐದು ಜನಕ್ಕೂ ಸೀಟಿಲ್ಲ. ಒಳ್ಳೆಯ ಅಂಕದವರೇ ಸಾವಿರಾರು ಇರುವಾಗ ಬರಹ ನಿಜಕ್ಕೂ ಕೆಲಸ ಮಾಡುತ್ತದೆ.

ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧಕ್ಕೆ 650 ಪದದ ಮಿತಿ. ಮಕ್ಕಳು ತಿಂಗಳುಗಟ್ಟಲೆ ಅದನ್ನೇ ತಿದ್ದುತ್ತಾ ಕೂರುತ್ತಾರೆ. 'ನಮ್ಮ ಕಾಲೇಜೇ ಯಾಕೆ' ಅನ್ನುವ ಚಿಕ್ಕ ಪ್ರಶ್ನೆಗೆ ಮಾತ್ರ ಕೊನೇ ರಾತ್ರಿ ಏನೋ ಗೀಚುತ್ತಾರೆ. ನನ್ನ ಪ್ರಕಾರ ಜಾಸ್ತಿ ಜನ ಎಡವುವುದು ಅಲ್ಲೇ.

ಬರ್ಕ್ಲಿ, ಯುಸಿಎಲ್‌ಎ ಥರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳ ಲೆಕ್ಕ ಬೇರೆ. ಪ್ರವೇಶಕ್ಕೆ ಎಸ್ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಅಂಕ ನೋಡುವುದೇ ಇಲ್ಲ. ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದದೊಳಗೆ ಉತ್ತರ ಬರೆಯಬೇಕು. ಹಾಗಾಗಿ ಅಲ್ಲಿ ಬರಹದ ತೂಕ ಹೆಚ್ಚು.

ದುಡ್ಡು ಕೊಟ್ಟು ಬರೆಸುವ ಯೋಚನೆ ಇದ್ದರೆ ಬಿಡಿ. ಎಐ, ಬಾಡಿಗೆ ಸಲಹೆಗಾರರ ಕೈವಾಡ ಜಾಸ್ತಿಯಾಗಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಪ್ರಬಂಧಕ್ಕೆ ಅಂಕ ಹಾಕುವುದನ್ನೇ ನಿಲ್ಲಿಸಿದ್ದಾರೆ. ಓದುವುದಂತೂ ಓದುತ್ತಾರೆ. ಈಗ ಅವಳು ಯಾವ ಕ್ಲಾಸು? ಹನ್ನೊಂದರಲ್ಲಿದ್ದರೆ ಮೊದಲು ಅಂಕ ಏರಿಸಲಿ, ಪ್ರಬಂಧಕ್ಕೆ ಬೇಸಿಗೆ ರಜೆ ಸಾಕು.